ಕೇಳಿ ಬೆಳೆಯದ ಸಂಗೀತ ಕಿವಿಗೆ ಹತ್ತುವುದು ಹೇಗೆ?

ಮಂಡ್ಯದ ಕೇಳುಗ

ಹೊಗಳಿಕೆಯಿಂದ ಯಾರ ಕಿವಿಯೂ ತೆರೆಯುವುದಿಲ್ಲ ಎಂಬುದು ನನ್ನ ವಾದ. ‘ಇದು ಮಹಾನ್ ಸಂಗೀತ, ಕೈಕಟ್ಟಿ ಕುಳಿತು ಕೇಳು’ ಎಂದು ಮಕ್ಕಳಿಗೆ ಹೇಳಿ ನೋಡಿ, ಆ ಗಾಯಕರ ಹೆಸರು ಕಿವಿಗೆ ಬಿದ್ದರೂ ಸಾಕು ಮುಂದೆ ಎದ್ದು ಹೋಗುತ್ತಾರೆ. ಗೊತ್ತಿಲ್ಲದ ಸಂಗೀತದೊಳಗೆ ಕಾಲಿಡಬೇಕಾದರೆ ಹಿಡಿದುಕೊಳ್ಳುವುದಕ್ಕೆ ಏನಾದರೊಂದು ಬೇಕು. ಮೊದಲೇ ಬಾಯಿಪಾಠವಾದ ನಾಲ್ಕು ಮಾತಾಗಬಹುದು, ತಾಳದ ಒಂದು ಪೆಟ್ಟಾಗಬಹುದು, ಪಕ್ಕದಲ್ಲಿ ಕುಳಿತವರ ತಲೆಯಾಟವೂ ಆಗಬಹುದು.

ನಮ್ಮ ಮನೆಯಲ್ಲಿ ಬೆಳಿಗ್ಗೆ ದೇವರನಾಮ, ಸಂಜೆ ಚಿತ್ರಗೀತೆ, ರಾಮೋತ್ಸವದಲ್ಲಿ ಪಾನಕ ಕೋಸಂಬರಿಯ ನೆಪದಲ್ಲಿ ಕಚೇರಿ. ತಂದೆಯವರದು ಬ್ಯಾಂಕ್ ನೌಕರಿ. 1980ರ ದಶಕದ ನಡುವೆ ಹುಬ್ಬಳ್ಳಿಗೆ ವರ್ಗವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಕೆಳಗಿನ ಮನೆಯಲ್ಲಿದ್ದ ಮಾಲೀಕರ ರೇಡಿಯೊ ಆಕಾಶವಾಣಿ ಧಾರವಾಡ ಕೇಂದ್ರವನ್ನು ಬಿಟ್ಟು ಕದಲುತ್ತಿರಲಿಲ್ಲ. ಹಿಂದುಸ್ತಾನಿಯ ನಿಧಾನಗತಿಯ ಹಾಡುಗಾರಿಕೆಯಾದ ವಿಲಂಬಿತ ಖ್ಯಾಲ್ ಎಂಬುದು ನನಗೆ ಹಾಡು ಎಂದೇ ಅನ್ನಿಸುತ್ತಿರಲಿಲ್ಲ. ಸಾಹಿತ್ಯ ಎರಡೇ ಸಾಲು, ಅದೂ ಅರ್ಥವಾಗದ ಭಾಷೆ. ತಬಲಾ ಎಲ್ಲೋ ಒಂದು ಪೆಟ್ಟು ಹಾಕಿ ಮತ್ತೆ ಸುಮ್ಮನಾಗುತ್ತಿತ್ತು. ಒಮ್ಮೆ ಅಮ್ಮ ‘ಯಾರೋ ಗಂಡಸರು ತುಂಬಾ ತೂಕವಾಗಿ ಹಾಡುತ್ತಿದ್ದಾರೆ’ ಎಂದರು. ಹಾಡು ಮುಗಿದು ಗಂಗೂಬಾಯಿ ಹಾನಗಲ್ ಎಂಬ ಹೆಸರು ಬಂದಾಗ ಕೆಳಮನೆಯ ಅವ್ವನವರಿಗೆ ನಗುವೋ ನಗು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಇಳಿಯಿತು, ಆ ಇಳಿದ ದನಿಯಲ್ಲೇ ಅವರು ಬೆಳೆದರು ಎಂದು ಅಮ್ಮನಿಗೆ ತಿಳಿಸಿ ಹೇಳಿದವರೂ ಅವರೇ.

ನನಗೆ ಸಿಕ್ಕಿದ ಹಿಡಿ ಭೀಮಸೇನ ಜೋಶಿಯವರ ದಾಸವಾಣಿ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಅಮ್ಮ ಶುಕ್ರವಾರದ ಆರತಿಗೆ ಹಾಡುತ್ತಿದ್ದ ಪುರಂದರದಾಸರ ಪದ, ಒಂದಕ್ಷರವೂ ಹೊಸದಲ್ಲ. ಮಾತು ಗೊತ್ತಿದ್ದುದರಿಂದ ಮನಸ್ಸಿಗೆ ಅದರ ಹಿಂದೆ ಓಡುವ ಕೆಲಸವಿರಲಿಲ್ಲ, ಆ ದನಿ ಏನು ಮಾಡುತ್ತಿದೆ ಎಂದು ಗಮನಿಸಲು ಬಿಡುವಾಯಿತು. ಅದೇ ‘ಬಾರಮ್ಮ’ ಒಮ್ಮೆ ಕರೆಯುವಂತೆ, ಒಮ್ಮೆ ಗೋಗರೆಯುವಂತೆ, ಇನ್ನೊಮ್ಮೆ ಜಗಳಕ್ಕೆ ಬಂದಂತೆ. ಅಮ್ಮ ಮಾತ್ರ ಕೊನೆಯವರೆಗೂ ‘ಲಕ್ಷ್ಮಿಯನ್ನು ಇಷ್ಟು ಗಟ್ಟಿಯಾಗಿ ಕರೆಯಬೇಕೇ’ ಎಂದೇ ಹೇಳುತ್ತಿದ್ದರು. ದಾಸವಾಣಿಯಿಂದ ಮರಾಠಿ ಅಭಂಗ, ಅಭಂಗದಿಂದ ಚುರುಕು ಗತಿಯ ಛೋಟಾ ಖ್ಯಾಲ್, ಆಮೇಲೆ ವಿಲಂಬಿತದ ಬಡಾ ಖ್ಯಾಲ್ ಎಂದು ಒಳಕ್ಕೆ ಹೋಗಲು ಕಾಲೇಜು ಮುಗಿಯುವಷ್ಟು ಕಾಲ ಹಿಡಿಯಿತು.

ನೀವು ಬೆಳೆಯುವ ಹೊತ್ತಿಗೆ ಹೀಗೆ ಒಳಗೆ ಬಂದ ಸಂಗೀತ ಯಾವುದು? ಹಿಡಿ ಯಾವುದು ಸಿಕ್ಕಿತು? ‘ಕೇಳುತ್ತಾ ಕೇಳುತ್ತಾ ತಾನಾಗಿಯೇ ಬಂತು’ ಎನ್ನುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮಾಳಮಡ್ಡಿ

ಕೇಳುಗರೇ, ಧಾರವಾಡದವರೆಲ್ಲ ತೊಟ್ಟಿಲಲ್ಲೇ ಖ್ಯಾಲ್ ಕೇಳಿ ಬೆಳೆದವರು ಎಂಬ ನಂಬಿಕೆ ದಕ್ಷಿಣದಲ್ಲಿ ಗಟ್ಟಿಯಾಗಿದೆ. ನಮ್ಮ ಅಜ್ಜಂದಿರ ಕಾಲಕ್ಕೆ ಅದು ಇಲ್ಲಿಯೂ ಹೊರಗಿನಿಂದ ಬಂದ ಹಾಡುಗಾರಿಕೆಯೇ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮರಾಠಿ ನಾಟಕ ಕಂಪನಿಗಳು ಬಂದು ಠಿಕಾಣಿ ಹೂಡುತ್ತಿದ್ದವು, ಅವುಗಳ ರಂಗಗೀತೆಗಳ ಹಿಂದೆಯೇ ಹಿಂದುಸ್ತಾನಿ ಬಂತು. ಕಿರಾನಾ ಎಂಬ ಘರಾಣೆಯ, ಅಂದರೆ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹೋಗಿಬರುವಾಗ ಇಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಗಂಗೂಬಾಯಿಯವರೂ ಭೀಮಸೇನರೂ ಕಲಿತದ್ದು ಸವಾಯಿ ಗಂಧರ್ವರ ಬಳಿ.

ನೀವು ಗಂಗೂಬಾಯಿಯವರ ಹೆಸರು ಎತ್ತಿದ್ದಕ್ಕೆ ಇದನ್ನು ಹೇಳಲೇಬೇಕು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಖಾನ್ ಸಾಹೇಬರೇ ಅವರ ಹಾಡು ಕೇಳಲು ಬರುತ್ತಿದ್ದರು. ಮಗಳು ಬೀದಿಯಲ್ಲಿ ಗ್ರಾಮಫೋನ್ ದನಿ ಕೇಳಿದರೆ ಹೊರಗೆ ಓಡುತ್ತಿದ್ದಳು. ಅವಳ ಒಲವು ಹಿಂದುಸ್ತಾನಿಯ ಕಡೆಗೆ ಎಂದು ಕಂಡ ಮೇಲೆ, ತನ್ನ ಶೈಲಿ ಮಗಳ ಕಂಠಕ್ಕೆ ಹತ್ತಬಾರದೆಂದು ತಾಯಿ ತಾನು ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಒಂದು ಸಂಗೀತ ಮನೆಯೊಳಗೆ ಬರಲು ಇನ್ನೊಂದು ಹೊರಗೆ ಹೋಗಬೇಕಾಯಿತು. ನಾವು ಇದನ್ನು ತ್ಯಾಗ ಎಂದು ಕೊಂಡಾಡುತ್ತೇವೆ, ನನಗಂತೂ ಪ್ರತಿ ಸಲವೂ ಸಂಕಟವಾಗುತ್ತದೆ. ಖಾನ್ ಸಾಹೇಬರು ಮಾಡಿದ್ದು ಇದಕ್ಕೆ ತದ್ವಿರುದ್ಧ. ತ್ಯಾಗರಾಜರ ಕೃತಿಯನ್ನು ಖರಹರಪ್ರಿಯ ರಾಗದಲ್ಲಿ ಹಾಡಿ ಧ್ವನಿಮುದ್ರಿಕೆ ಕೊಟ್ಟರು, ಸ್ವರಗಳ ಹೆಸರನ್ನೇ ಹಾಡುವ ದಕ್ಷಿಣದ ಸ್ವರಪ್ರಸ್ತಾರದ ರುಚಿಯನ್ನು ತಮ್ಮ ಸರಗಮ್‌ನಲ್ಲಿ ತಂದರು. ಮೀಸೆ ಬಂದ ಮೇಲೆ ಕಲಿತ ರುಚಿ ಅದು.

ನನಗೆ ಅಪರಿಚಿತವಾಗಿದ್ದುದು ಕರ್ನಾಟಕ ಸಂಗೀತ. ಓದಲು ಬೆಂಗಳೂರಿಗೆ ಬಂದಾಗ ಹಾಸ್ಟೆಲಿನ ಗೆಳೆಯ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಎಳೆದುಕೊಂಡು ಹೋದ. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿರುವ ರಾಮನವಮಿ ಸಂಗೀತೋತ್ಸವ. ಒಂದು ಸ್ವರದ ಮೇಲೆ ಒಂದು ಕ್ಷಣವೂ ಯಾರೂ ನಿಲ್ಲುವುದಿಲ್ಲವಲ್ಲ ಎಂದು ಚಡಪಡಿಸಿದೆ. ಸ್ವರವನ್ನು ಓಲಾಡಿಸುವ ಗಮಕ ನನಗೆ ನಡುಕದಂತೆ ಕೇಳುತ್ತಿತ್ತು. ತಬಲಾದ ಠೇಕಾಕ್ಕೆ, ಅಂದರೆ ಸುತ್ತಿ ಬರುವ ಗೊತ್ತಾದ ಪೆಟ್ಟುಗಳಿಗೆ, ಒಗ್ಗಿದ ಕಿವಿಗೆ ಮೃದಂಗ ಎಲ್ಲಿಯೂ ಕಾಲೂರಿದಂತೆ ಕಾಣಲಿಲ್ಲ. ಆಮೇಲೆ ಪಕ್ಕದ ಸಾಲಿನ ಅಜ್ಜಿಯ ಕೈ ಕಣ್ಣಿಗೆ ಬಿತ್ತು. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು. ಆ ಎಂಟು ಎಣಿಕೆಯ ಆದಿತಾಳವನ್ನು ಸಭೆಗೆ ಸಭೆಯೇ ತೊಡೆಯ ಮೇಲೆ ಹಾಕುತ್ತಿತ್ತು. ನಮ್ಮ ಕಡೆ ತಾಳವನ್ನು ತಬಲಾದಲ್ಲಿ ಕೇಳಬೇಕು, ಇಲ್ಲಿ ಕಣ್ಣಿನಿಂದಲೇ ನೋಡಬಹುದು. ನಾನು ಅಜ್ಜಿಯ ಕೈ ನೋಡಿಕೊಂಡೇ ಕಚೇರಿ ಕೇಳಿದೆ. ರಾಗಗಳ ಗುರುತು ಹಚ್ಚಿದ್ದು ನಂತರ. ಹಿಂದೋಳ ಎಂದರೆ ನಮ್ಮ ಮಾಲಕಂಸ, ಮೋಹನ ನಮ್ಮ ಭೂಪ, ಕಲ್ಯಾಣಿ ನಮ್ಮ ಯಮನ್ ಎಂದು ತಿಳಿದಾಗ ಪರವೂರಿನಲ್ಲಿ ನೆಂಟರ ಮನೆ ಸಿಕ್ಕಿದ ಹಾಗಾಯಿತು.

ಅರ್ಧ ಕಾಫಿ

ಮೃದಂಗದವರ ತನಿ ಆವರ್ತನ ಶುರುವಾದೊಡನೆ ಎದ್ದು ಕ್ಯಾಂಟೀನಿನ ಕಡೆ ನಡೆಯುವವರೂ ತೊಡೆಯ ಮೇಲೆ ತಾಳ ಹಾಕುತ್ತಾ ಹೋಗುತ್ತಾರೆಯೇ?

ಮಾಳಮಡ್ಡಿ

ಹೋಗುವುದಷ್ಟೇ ಅಲ್ಲ, ಮುಕ್ತಾಯಕ್ಕೆ ಸರಿಯಾಗಿ ಲೋಟ ತೊಳೆದಿಟ್ಟು ಬಂದು ಕೂರುತ್ತಾರೆ. ಅದೂ ಒಂದು ಲಯಜ್ಞಾನ.

ತಿರಕಿಟ

ನಾನು ತಬಲಾ ಮಾಸ್ತರ. ಮಾಳಮಡ್ಡಿಯವರ ನೆಂಟಸ್ತಿಕೆಯ ಬಗ್ಗೆ ಒಂದು ಎಚ್ಚರಿಕೆ. ಹೆಸರು ನೋಡಿ ಮೋಸ ಹೋಗಬೇಡಿ. ದಕ್ಷಿಣದ ತೋಡಿಯ ಸ್ವರಗಳು ಉತ್ತರದ ಭೈರವಿಯವು. ಉತ್ತರದ ತೋಡಿ ನಿಮ್ಮ ಶುಭಪಂತುವರಾಳಿಯ ಹತ್ತಿರದ್ದು. ದಕ್ಷಿಣದ ಭೈರವಿ ಎರಡೂ ಅಲ್ಲದ ಮೂರನೆಯದು. ಸ್ವರ ಒಂದೇ ಆದರೂ ರಾಗ ಒಂದೇ ಆಗುವುದಿಲ್ಲ ಎಂಬುದಕ್ಕೆ ಉತ್ತರದಲ್ಲೇ ಸಾಕ್ಷಿಯಿದೆ. ಭೂಪ, ದೇಶಕಾರ ಎರಡಕ್ಕೂ ಅದೇ ಐದು ಸ್ವರ, ಆದರೆ ಭೂಪ ಗಾಂಧಾರವನ್ನು ನೆಚ್ಚಿಕೊಂಡರೆ ದೇಶಕಾರ ಧೈವತವನ್ನು ನೆಚ್ಚಿಕೊಳ್ಳುತ್ತದೆ. ಆದ್ದರಿಂದ ಈ ಗುರುತು ಬಾಗಿಲು ತೆರೆಯುವವರೆಗೆ ಸಾಕು, ಒಳಗೆ ಹೋದ ಮೇಲೆ ಅದನ್ನು ಹೊರಗೇ ಬಿಡಿ.

ಕೇಳುಗರು ‘ತಬಲಾ ಎಲ್ಲೋ ಒಂದು ಪೆಟ್ಟು ಹಾಕಿ ಸುಮ್ಮನಾಗುತ್ತಿತ್ತು’ ಎಂದಿದ್ದಾರೆ. ಹೊಸಬರು ಬಡಾ ಖ್ಯಾಲ್‌ನಲ್ಲಿ ಕಳೆದುಹೋಗುವುದು ಅಲ್ಲಿಯೇ. ನನ್ನ ಬಳಿ ಬರುವ ಮಕ್ಕಳಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಕಿರಾನಾದವರು ಹೆಚ್ಚಾಗಿ ಹಾಡುವುದು ವಿಲಂಬಿತ ಏಕತಾಲದಲ್ಲಿ. ಸುತ್ತಿಗೆ ಹನ್ನೆರಡು ಮಾತ್ರೆ, ಅಂದರೆ ಎಣಿಕೆ. ಠೇಕಾ ಹೀಗಿದೆ:

ಧಿನ್ ಧಿನ್ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧಿನ್ ನಾ

ಬಹಳ ನಿಧಾನವಾದಾಗ ಒಂದು ಸುತ್ತಿಗೆ ಮುಕ್ಕಾಲು ನಿಮಿಷ, ಕೆಲವೊಮ್ಮೆ ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಅಷ್ಟು ಹೊತ್ತು ಹನ್ನೆರಡನ್ನು ಎಣಿಸುತ್ತಾ ಕುಳಿತರೆ ಸಂಗೀತ ಕೇಳಿದಂತಾಗುವುದಿಲ್ಲ. ಎಣಿಸಬೇಡಿ, ‘ತಿರಕಿಟ’ಕ್ಕೆ ಕಾಯಿರಿ. ಉಳಿದ ಬೋಲುಗಳು ಒಂಟೊಂಟಿಯಾಗಿ ಬಿದ್ದರೆ ಇದು ಮಾತ್ರ ನಾಲ್ಕು ಅಕ್ಷರವಾಗಿ ಉರುಳುತ್ತದೆ, ಎಂಥ ಹೊಸ ಕಿವಿಗೂ ಸಿಗುತ್ತದೆ. ಒಂದು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ನಾಲ್ಕನೆಯದಕ್ಕೊಮ್ಮೆ, ಹತ್ತನೆಯದಕ್ಕೊಮ್ಮೆ. ಮೊದಲನೆಯದರ ಹಿಂದೆ ‘ತೂ ನಾ’ ಬರುತ್ತದೆ, ಗಾಯಕರಿಗೆ ಇನ್ನೂ ಅವಸರವಿಲ್ಲ. ಎರಡನೆಯದರ ಹಿಂದೆ ‘ಧಿನ್ ನಾ’, ಆಮೇಲೆ ಸಮ್, ಅಂದರೆ ಹೊಸ ಸುತ್ತಿನ ಮೊದಲ ಪೆಟ್ಟು. ಆ ಎರಡನೆಯ ತಿರಕಿಟದ ನಂತರ ಗಾಯಕರನ್ನು ನೋಡಿ. ಎಲ್ಲೆಲ್ಲೋ ಅಲೆಯುತ್ತಿದ್ದವರು ಹಾಡಿನ ಎರಡು ಸಾಲಿನ ರಚನೆಯಾದ ಬಂದಿಶ್‌ನ ಮೊದಲ ಮಾತನ್ನು ಎತ್ತಿಕೊಳ್ಳುತ್ತಾರೆ, ಕೈ ಮೇಲೇಳುತ್ತದೆ, ತಬಲಾದವನ ಕಣ್ಣು ಅವರ ಕಡೆ ಹೊರಳುತ್ತದೆ, ಇಬ್ಬರೂ ಒಟ್ಟಿಗೆ ಸಮ್ ಮೇಲೆ ಬೀಳುತ್ತಾರೆ. ಎದುರಿನ ಸಾಲಿನಿಂದ ‘ಆಹಾ’ ಬರುವುದೂ ಆಗಲೇ. ಒಂದು ಸಂಜೆಯಲ್ಲಿ ನಾಲ್ಕೈದು ಸಲ ಇದು ಸಿಕ್ಕಿತೆಂದರೆ ಮಗು ಮುಂದಿನ ಸುತ್ತಿಗೆ ತಾನೇ ಕಾಯತೊಡಗುತ್ತದೆ. ರಾಗದ ಹೆಸರು ಆಮೇಲೆ ಗೊತ್ತಾದರೂ ನಷ್ಟವಿಲ್ಲ.

ಕಂಸಾಳೆ ಕೈ

ಎಲ್ಲರದೂ ಓದಿದೆ. ಬರೆದಿರುವುದೆಲ್ಲ ಚೆನ್ನಾಗಿದೆ, ಆದರೆ ದಾರಿ ಒಂದೇ ಕಡೆಗೆ ಹೋಗುತ್ತಿದೆ. ‘ಅಪರಿಚಿತ ಸಂಗೀತವನ್ನು ಮೆಚ್ಚಲು ಕಲಿಯುವುದು’ ಎಂದರೆ ನಮ್ಮಲ್ಲಿ ಯಾವಾಗಲೂ ಶಾಸ್ತ್ರೀಯವನ್ನು ಕಲಿಯುವುದೇ. ನಾನು ಚಾಮರಾಜನಗರದ ಕಡೆಯವನು. ನೀಲಗಾರರು ತಂಬೂರಿ ಮೀಟಿ, ಗಗ್ಗರ ಅಲ್ಲಾಡಿಸಿ ಮಂಟೇಸ್ವಾಮಿಯ ಕತೆಯನ್ನು ರಾತ್ರಿಯಿಡೀ ಹಾಡುವುದನ್ನು ಕೇಳಿ ಬೆಳೆದವನು. ಅದನ್ನು ಮೆಚ್ಚಲು ಕಲಿಯಬೇಕು ಎಂದು ಬೆಂಗಳೂರಿನ ಯಾವ ಮನೆಯಲ್ಲಿ ಮಕ್ಕಳಿಗೆ ಹೇಳುತ್ತಾರೆ? ನನ್ನ ಹೈಸ್ಕೂಲಿನಲ್ಲಿ ಸಂಗೀತದ ಪೀರಿಯಡ್ ಇತ್ತು. ಸರಳೆ ವರಸೆ ಹೇಳಿಕೊಡುತ್ತಿದ್ದರು. ನಮ್ಮೂರಿನ ಹಾಡಿಗೆ ವಾರ್ಷಿಕೋತ್ಸವದಲ್ಲಿ ಐದು ನಿಮಿಷ, ಅದೂ ನೃತ್ಯದ ಹೆಸರಿನಲ್ಲಿ. ನನ್ನ ತಾತನ ಹಾಡು ನನ್ನ ಶಾಲೆಗೇ ಅಪರಿಚಿತವಾಗಿತ್ತು.

ರುಚಿಯನ್ನು ಮೇಲಿನಿಂದ ಸುರಿಯಲು ಹೋದರೆ ಏನಾಗುತ್ತದೆ ಎಂದು ಈ ದೇಶ ಒಮ್ಮೆ ನೋಡಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಸ್ವತಃ ಶಾಸ್ತ್ರೀಯ ಸಂಗೀತ ಕಲಿತವರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಮಾಯವಾಯಿತು, ಶನಿವಾರ ರಾತ್ರಿ ಒಂಬತ್ತೂವರೆಗೆ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬಂತು. ಜನ ಏನು ಮಾಡಿದರು? ಮುಳ್ಳನ್ನು ರೇಡಿಯೊ ಸಿಲೋನ್ ಕಡೆಗೆ ತಿರುಗಿಸಿದರು. 1957ರ ಅಕ್ಟೋಬರ್‌ನಲ್ಲಿ ಸರ್ಕಾರವೇ ವಿವಿಧ ಭಾರತಿ ತೆರೆದು ಚಿತ್ರಗೀತೆಯನ್ನು ವಾಪಸು ಕರೆತರಬೇಕಾಯಿತು. ಬಲವಂತದ ಮಾಘಸ್ನಾನ ಎನ್ನುವುದು ಇದಕ್ಕೇ.

ಮಂಡ್ಯದ ಕೇಳುಗ

ಕಂಸಾಳೆ ಕೈ ಅವರೇ, ಶಾಲೆಯ ಬಗ್ಗೆ ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ಕೇಸ್ಕರ್ ಅವರ ಕತೆಗೆ ಇನ್ನೊಂದು ಮಗ್ಗುಲೂ ಇದೆ. ಚಿತ್ರಗೀತೆ ತೆಗೆದದ್ದು ದುಡುಕು. ಶನಿವಾರದ ಆ ಕಾರ್ಯಕ್ರಮ ಮಾತ್ರ ದಶಕಗಟ್ಟಲೆ ಉಳಿಯಿತು, ಟಿಕೆಟ್ ಕೊಂಡು ಕಚೇರಿಗೆ ಹೋಗಲಾಗದ ಎಷ್ಟೋ ಮನೆಗಳಿಗೆ ದೊಡ್ಡ ಗಾಯಕರನ್ನು ಪುಕ್ಕಟೆಯಾಗಿ ಕರೆತಂದಿತು. ಕೊಟ್ಟದ್ದು ಉಳಿಯಿತು, ಕಸಿದದ್ದು ಉಳಿಯಲಿಲ್ಲ.

ಇನ್ನು ಶಾಸ್ತ್ರೀಯ, ಜಾನಪದ ಎಂಬ ಗೋಡೆಯನ್ನು ದೊಡ್ಡ ಗಾಯಕರು ಬಾಲ್ಯದಲ್ಲಿ ಕಂಡೇ ಇರಲಿಲ್ಲ. ಗದಗಿನಲ್ಲಿ ಹುಡುಗ ಭೀಮಸೇನ ಬೀದಿಯಲ್ಲಿ ಹೋಗುವ ಬ್ಯಾಂಡು, ಭಜನೆಯ ಹಿಂದೆ ನಡೆದುಬಿಡುತ್ತಿದ್ದ, ದಣಿದಲ್ಲೇ ಮಲಗುತ್ತಿದ್ದ. ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರು. ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆ ಕೇಳಿ ಮನೆ ಬಿಟ್ಟು ಹೋದದ್ದು ಆಮೇಲಿನ ಮಾತು. ಮೊದಲು ಓಡಿದ್ದು ಮದುವೆ ಬ್ಯಾಂಡಿನ ಹಿಂದೆ.

ನಿಮ್ಮ ಕಡೆಯ ಹಾಡಿಗೆ ಹೊರಗಿನವರಿಗೆ ಹಿಡಿ ಯಾವುದು, ಅದನ್ನು ಹೇಳಿ. ಜಗಳ ಆಮೇಲೆ ಮುಂದುವರಿಸೋಣ.

ಕಂಸಾಳೆ ಕೈ

ಹೇಳುತ್ತೇನೆ. ಮೊದಲನೆಯದು, ಮೊಬೈಲಿನಲ್ಲಿ ಕೇಳಬೇಡಿ. ಮಹದೇಶ್ವರನ ಕತೆ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಎಂಬ ಕಂಚಿನ ಜೋಡಿ ಇರುತ್ತದೆ. ಒಂದು ಬಟ್ಟಲಿನಂತೆ ಅಂಗೈಯಲ್ಲಿ ಕೂರುತ್ತದೆ, ಇನ್ನೊಂದು ಚಪ್ಪಟೆ ತಟ್ಟೆ, ಅದಕ್ಕೆ ದಾರದ ಉದ್ದ ಗೊಂಡೆ. ಧ್ವನಿಮುದ್ರಣದಲ್ಲಿ ಕೇಳಿದರೆ ಕಂಚು ಕಿವಿಗೆ ರಾಚುತ್ತದೆ. ಎದುರು ನಿಂತು ನೋಡಿದರೆ ಆ ಗೊಂಡೆ ಗಾಳಿಯಲ್ಲಿ ಬರೆಯುವ ಗೆರೆಗೂ ಪೆಟ್ಟಿಗೂ ಇರುವ ಲೆಕ್ಕ ತಿಳಿಯುತ್ತದೆ. ಬೀಸು ಕಂಸಾಳೆಯಲ್ಲಂತೂ ಪಕ್ಕದವನ ಕಂಸಾಳೆಗೂ ಹೊಡೆದು ಬರುವುದುಂಟು, ಒಂದು ಪೆಟ್ಟು ತಪ್ಪಿದರೆ ಮುಖಕ್ಕೇ.

ಎರಡನೆಯದು, ಕತೆ ತಿಳಿದುಕೊಂಡು ಬನ್ನಿ. ಹಾಡುವವರು ಒಂದು ಸಾಲು ಹೇಳಿದರೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ, ನಡುವೆ ಮಾತು, ಮತ್ತೆ ಹಾಡು. ರಾಗ ಎಲ್ಲಿ ಬದಲಾಗುತ್ತದೆ ಎಂದು ಹುಡುಕುವವರಿಗೆ ಏನೂ ಸಿಗುವುದಿಲ್ಲ. ಕತೆ ಎಲ್ಲಿ ತಿರುಗುತ್ತದೆ ಎಂದು ನೋಡುವವರಿಗೆ ದನಿ ಅಲ್ಲೇ ತಿರುಗುವುದು ಕೇಳಿಸುತ್ತದೆ.

ಹೆಡ್‌ಫೋನ್ ಹುಡುಗಿ

ಇಲ್ಲಿ ನಾನೇ ಚಿಕ್ಕವಳು ಎಂದು ಕಾಣುತ್ತದೆ. ಬೆಂಗಳೂರಿನ ವಿಜಯನಗರ, ಮನೋವಿಜ್ಞಾನದ ವಿದ್ಯಾರ್ಥಿನಿ, ಹದಿನೈದರ ವಯಸ್ಸಿನಿಂದ ಹೆವಿ ಮೆಟಲ್. ನಮ್ಮ ತಂದೆಗೆ ಅದು ಮಿಕ್ಸಿಯ ಸದ್ದು. ನನಗೂ ಮೊದಲು ಹಾಗೆಯೇ ಕೇಳಿಸುತ್ತಿತ್ತು, ಆದರೆ ಶಾಲೆಯ ಗೆಳತಿಯ ಅಣ್ಣ ಒಂದು ಉಪಾಯ ಹೇಳಿಕೊಟ್ಟಿದ್ದ: ಕಿರುಚುವವನನ್ನು ಬಿಡು, ಡ್ರಮ್ ಬಾರಿಸುವವನ ಕಾಲನ್ನು ಮಾತ್ರ ಕೇಳು. ಜೋಡಿ ಪೆಡಲಿನ ಆ ಓಟ ಹಿಡಿದ ಮೇಲೆ ಗಿಟಾರ್ ತಾನಾಗಿ ಜಾಗಕ್ಕೆ ಬಂತು, ಕಿರುಚಾಟವೂ ಒಂದು ವಾದ್ಯವಾಯಿತು. ತಿರಕಿಟ ಸರ್ ಹೇಳಿದ್ದೂ ಅದೇ ಅಲ್ಲವೇ?

ನಂಬುತ್ತೀರೋ ಇಲ್ಲವೋ, ಮೆಟಲ್‌ನಿಂದ ನಾನು ನೇರವಾಗಿ ಇಳಿದದ್ದು ಮಲ್ಲಿಕಾರ್ಜುನ ಮನ್ಸೂರರಿಗೆ. ಅಜ್ಜಿಗಾಗಿ ಅವರ ವಚನ ಗಾಯನ ಹುಡುಕುತ್ತಿದ್ದಾಗ ಒಂದು ಖ್ಯಾಲ್ ಸಿಕ್ಕಿತು. ಕಾಯಿಸುವುದೇ ಇಲ್ಲ! ಆಲಾಪದ ಪೀಠಿಕೆಗೆ ಹೆಚ್ಚು ಹೊತ್ತು ಕೊಡದೆ ಬಂದಿಶ್‌ಗೆ ಇಳಿಯುತ್ತಾರೆ, ಉಸಿರು ಎಲ್ಲಿ ತೆಗೆದುಕೊಂಡರು ಎಂದು ತಿಳಿಯುವಷ್ಟರಲ್ಲಿ ವೇಗದ ಸ್ವರಗಳ ತಾನ್ ಮುಗಿಸಿ ಸಮ್‌ಗೆ ಬಂದಿರುತ್ತಾರೆ. ತಾಳ್ಮೆಯಿಲ್ಲದ ನನ್ನ ವಯಸ್ಸಿನವರಿಗೆ ಕಿರಾನಾಗಿಂತ ಮನ್ಸೂರರ ಜೈಪುರ ಅತ್ರೌಲಿ ಘರಾಣೆಯೇ ಸುಲಭ ಎಂದು ನನ್ನ ಅಭಿಪ್ರಾಯ, ಹಿರಿಯರು ಬೈಯಬಹುದು.

ಒಂದು ಅಧ್ಯಯನವನ್ನು ತರಗತಿಯಲ್ಲಿ ಓದಿದ್ದೆ. 2005ರಲ್ಲಿ ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಪ್ರಕಟಿಸಿದ್ದು. ಬಾಲ್ಕನ್ ಸಂಗೀತದ ವಿಷಮ ಲಯದಲ್ಲಿ ತಾಳ ತಪ್ಪಿದರೆ ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳಿಗೆ ತಿಳಿಯುತ್ತದೆ, ಹನ್ನೆರಡು ತಿಂಗಳಾಗುವಷ್ಟರಲ್ಲಿ ತಿಳಿಯುವುದಿಲ್ಲ. ಅಷ್ಟರೊಳಗೆ ಕಿವಿ ಮನೆಯ ಲಯಕ್ಕೆ ಒಗ್ಗಿಹೋಗಿರುತ್ತದೆ. ಆದರೆ ಆ ವಯಸ್ಸಿನ ಮಕ್ಕಳಿಗೆ ಮನೆಯಲ್ಲಿ ಎರಡು ವಾರ ಆ ಸಂಗೀತ ಕೇಳಿಸಿದರೆ ಮತ್ತೆ ತಿಳಿಯುತ್ತದೆ. ದೊಡ್ಡವರಿಗೆ ಅಷ್ಟೇ ಕೇಳಿಸಿದರೂ ಆ ಫಲ ಸಿಗಲಿಲ್ಲ. ಕೇಳುಗ ಸರ್, ‘ತಾನಾಗಿಯೇ ಬಂತು’ ಎನ್ನುವವರನ್ನು ನೀವು ನಂಬುವುದಿಲ್ಲ ಎಂದಿರಿ. ಕೂಸುಗಳ ಮಟ್ಟಿಗೆ ನಂಬಬೇಕಾಗುತ್ತದೆ. ಹಿಡಿ ಬೇಕಾಗಿರುವುದು ನಮ್ಮಂಥ ಬೆಳೆದವರಿಗೆ.

ತಿರಕಿಟ

ತಂಗಿ, ಬೈಯುವುದಿಲ್ಲ, ನೀವು ಹೇಳಿದ್ದರಲ್ಲಿ ಹುರುಳಿದೆ. ಜೈಪುರದವರು ಹೆಚ್ಚಾಗಿ ಮಧ್ಯಲಯಕ್ಕೆ ಹತ್ತಿರದ ತೀನತಾಲದಲ್ಲಿ ಹಾಡುತ್ತಾರೆ. ಹದಿನಾರು ಮಾತ್ರೆಯಾದರೂ ಸುತ್ತು ಬೇಗ ತಿರುಗುತ್ತದೆ, ಸಮ್ ಬೇಗಬೇಗ ಸಿಗುತ್ತದೆ. ಅಲ್ಲಿ ಕಷ್ಟವಿರುವುದು ರಾಗದಲ್ಲಿ. ಮನ್ಸೂರರು ಹಾಡುತ್ತಿದ್ದ ಅಪರೂಪದ ಜೋಡುರಾಗಗಳನ್ನು ಬಿಡಿಸಲು ನಮ್ಮಂಥವರೂ ಬೆವರುತ್ತೇವೆ. ಅದರ ಗೊಡವೆ ನಿಮಗೆ ಈಗಲೇ ಬೇಡ.

ನೆಕ್ಕರ್ ದಂಡೆ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ. ನಮ್ಮ ಮನೆಯಲ್ಲಿ ಕಲಿಕೆ ತಲೆಕೆಳಗಾಗಿ ನಡೆಯಿತು, ಮಗಳಿಂದ ಅಪ್ಪನಿಗೆ. ಅವಳು ಶಾಲೆಯ ಆರ್ಕೆಸ್ಟ್ರಾದಲ್ಲಿ ವಿಯೋಲ ನುಡಿಸುತ್ತಾಳೆ. ವಯೊಲಿನ್‌ಗಿಂತ ತುಸು ದೊಡ್ಡದು, ದನಿ ದಪ್ಪ. ಮನೆಯಲ್ಲಿ ಅವಳ ಅಭ್ಯಾಸ ಕೇಳಿದರೆ ನನಗೆ ಅಯ್ಯೋ ಎನ್ನಿಸುತ್ತಿತ್ತು. ಒಂದೇ ಸ್ವರ ನಾಲ್ಕು ಎಣಿಕೆ, ಆಮೇಲೆ ಪಕ್ಕದ ಸ್ವರ ನಾಲ್ಕು ಎಣಿಕೆ, ಆಮೇಲೆ ಎಷ್ಟೋ ಹೊತ್ತು ಮೌನ, ಅವಳು ತುಟಿಯಲ್ಲೇ ಎಣಿಸುತ್ತಾಳೆ. ಇದರಲ್ಲಿ ಹಾಡು ಎಲ್ಲಿದೆ ಎಂದರೆ ‘ಹಾಡು ನನ್ನ ಹತ್ತಿರ ಇಲ್ಲಪ್ಪ, ವಯೊಲಿನ್‌ನವರ ಹತ್ತಿರ ಇದೆ’ ಎಂದಳು.

ಸಭಾಂಗಣಕ್ಕೆ ಹೋದಾಗ ಒಂದು ಮಾತು ಹೇಳಿ ಕಳಿಸಿದಳು: ಮೇಲಿನ ರಾಗವನ್ನು ಬಿಟ್ಟು ಕೆಳಗಿನದನ್ನು ಕೇಳು. ನಮ್ಮ ಕಿವಿ ಒಂದೇ ಎಳೆಯನ್ನು ಹಿಡಿದು ಅದರ ಗಮಕ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ನಿಲುಗಡೆ ನೋಡುತ್ತಾ ಹೋಗುವಂಥದ್ದು. ಕೆಳಗೆ ಶ್ರುತಿ ಅಲುಗಾಡಬಾರದು, ಅಲುಗಿದರೆ ತಂಬೂರಿ ಸರಿಮಾಡುತ್ತೇವೆ. ಇಲ್ಲಿ ಕೆಳಗಿನ ಚೆಲ್ಲೊ ವಾದ್ಯ ತನ್ನ ಸ್ವರ ಬದಲಿಸುತ್ತದೆ. ಮೇಲಿನ ಸ್ವರ ಇದ್ದಲ್ಲೇ ಇದ್ದರೂ ಅದರ ಬಣ್ಣ ಬದಲಾಗುತ್ತದೆ. ಮನೆಯಲ್ಲಿ ಅರ್ಥವಿಲ್ಲದಂತೆ ಕೇಳುತ್ತಿದ್ದ ಮಗಳ ಆ ಒಂದು ಉದ್ದ ಸ್ವರ ಎರಡರ ನಡುವೆ ನಿಂತು ಏನು ಮಾಡುತ್ತಿದೆ ಎಂದು ಅಂದು ಕೇಳಿಸಿತು. ಹಾರ್ಮನಿ ಎಂಬುದನ್ನು ಪುಸ್ತಕದಲ್ಲಿ ಓದಿ ನನಗೆ ಎಂದೂ ತಿಳಿದಿರಲಿಲ್ಲ.

ಹೆಡ್‌ಫೋನ್ ಹುಡುಗಿ

ನೆಕ್ಕರ್ ಸರ್, ಆ ಸ್ವರಮೇಳ ‘ಸಹಜವಾಗಿ ಇಂಪು’ ಎನ್ನುವವರಿಗೂ ಒಂದು ಉತ್ತರವಿದೆ. ಬೊಲಿವಿಯಾದ ಅಮೆಜಾನ್ ಕಾಡಿನ ತ್ಸಿಮಾನೆ ಜನರ ನಡುವೆ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪಾಶ್ಚಾತ್ಯರು ಹಿತವೆನ್ನುವ ಸ್ವರಗುಚ್ಛವನ್ನೂ ಕರ್ಕಶವೆನ್ನುವುದನ್ನೂ ಅವರು ಸಮಾನವಾಗಿಯೇ ಮೆಚ್ಚಿದರು. ಅಲ್ಲಿಯೂ ಕೇಳಿ ಬೆಳೆದದ್ದರ ಪಾಲು ದೊಡ್ಡದು.

ಅರ್ಧ ಕಾಫಿ

ಪಾಶ್ಚಾತ್ಯದ ಮಾತು ಬಂದಾಗ ನಾವು ಮೈಸೂರಿನವರು ಸುಮ್ಮನಿದ್ದರೆ ಅರಮನೆಗೆ ಅವಮಾನ. ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಕಲಿತು ಬೆಳೆದವರು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರ ಲಂಡನ್ನಿನಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದಾಗ, 1940ರ ದಶಕದ ಕೊನೆಯಲ್ಲಿ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗಲೂ ಮೈಸೂರಿನ ಹಣ ಬೆನ್ನಿಗಿತ್ತು.

ನನಗೆ ಕುತೂಹಲ ಇರುವುದು ಮುಂದಿನ ಭಾಗದಲ್ಲಿ. ಆಸ್ಥಾನದಲ್ಲಿ ವಾಸುದೇವಾಚಾರ್ಯರಂಥ ಕರ್ನಾಟಕ ಸಂಗೀತದ ವಿದ್ವಾಂಸರು ಇದ್ದರೂ ಒಡೆಯರ ಮೊದಲ ಒಲವು ಪಾಶ್ಚಾತ್ಯವೇ. ಕರ್ನಾಟಕ ಸಂಗೀತದ ಕಡೆ ಗಟ್ಟಿಯಾಗಿ ತಿರುಗಿದ್ದು ದೊಡ್ಡವರಾದ ಮೇಲೆ. ತಿರುಗಿದವರು ಬರಿಯ ಕೇಳುಗರಾಗಿ ಉಳಿಯಲಿಲ್ಲ, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಮನೆಯಂಗಳದ ಸಂಗೀತ ಕೆಲವರಿಗೆ ಲಂಡನ್ ಸುತ್ತಿಕೊಂಡು ಬರುತ್ತದೆ.

ಚೌಕಿಮನೆ

ಅರಮನೆಯ ಮಾತಿಗೆ ಕರಾವಳಿಯ ಬಾಲ ಸೇರಿಸುತ್ತೇನೆ. ಬಂಟ್ವಾಳ ಕಡೆಯ ಒಬ್ಬ ಹುಡುಗ, ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದ. ಮುಂದೆ ಅದರಲ್ಲಿ ಗಮಕ ಹೊರಡಿಸಿ ಕಛೇರಿ ಕೊಟ್ಟ ಕದ್ರಿ ಗೋಪಾಲನಾಥರು ಅವರೇ. ‘ಇದರಲ್ಲಿ ಕರ್ನಾಟಕ ಸಂಗೀತವೇ’ ಎಂದು ಮೂಗು ಮುರಿದವರು ಎಷ್ಟು ಮಂದಿ. ಇಂದು ನಮ್ಮೂರಿನ ಮದುವೆಗಳಲ್ಲಿ ಸ್ಯಾಕ್ಸೊಫೋನ್ ಇಲ್ಲದಿದ್ದರೆ ನೆಂಟರು ಏನೋ ಕೊರತೆ ಎನ್ನುತ್ತಾರೆ, ಆ ವಾದ್ಯ ಬೆಲ್ಜಿಯಂನವನೊಬ್ಬ ಮಾಡಿದ್ದು ಎಂದು ಯಾರಿಗೂ ನೆನಪಿಲ್ಲ.

ಕಂಸಾಳೆಯವರ ಮಾತು ಯಕ್ಷಗಾನಕ್ಕೂ ಸಲ್ಲುತ್ತದೆ. ಬೆಂಗಳೂರಿನಿಂದ ರಜೆಗೆ ಬಂದ ನನ್ನ ಅಕ್ಕನ ಮಗಳು ಆಟದಲ್ಲಿ ಅರ್ಧ ಗಂಟೆ ಕುಳಿತು ‘ಮಾವ, ಇವರೆಲ್ಲ ಯಾಕೆ ಇಷ್ಟು ಜೋರಾಗಿ ಬಾರಿಸುತ್ತಾರೆ’ ಎಂದಳು. ಚೆಂಡೆಯ ಪಕ್ಕದಲ್ಲೇ ಕೂರಿಸಿದ್ದರು ಪಾಪ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಚೆಂಡೆಯನ್ನು ಬಿಡು, ಮದ್ದಳೆ ಕೇಳು. ಹಾಡುವ ಭಾಗವತರ ಪದದ ಜೊತೆಗೆ ನಡೆಯುವುದು ಮದ್ದಳೆ. ಕರುಣ, ಶೃಂಗಾರದ ಪದ್ಯದಲ್ಲಿ ಚೆಂಡೆ ಬಾಯಿ ಮುಚ್ಚಿಕೊಂಡಿರುತ್ತದೆ. ಕುಣಿತಕ್ಕೆ, ವೀರಕ್ಕೆ, ರೌದ್ರಕ್ಕೆ ಏಳುತ್ತದೆ. ಯಾವಾಗ ಏಳುತ್ತದೆ ಎಂದು ಊಹಿಸುವ ಆಟ ಆಡಿದೆವು. ಮಧ್ಯರಾತ್ರಿಯ ಹೊತ್ತಿಗೆ ಅವಳೇ ‘ಮಾವ, ಈಗ’ ಎನ್ನುತ್ತಿದ್ದಳು, ಹೆಚ್ಚು ಕಡಿಮೆ ಸರಿಯಾಗಿಯೇ.

ಮಂಡ್ಯದ ಕೇಳುಗ

ನಾನು ಇಂದಿನವರೆಗೆ ಒಂದು ಆಟವನ್ನೂ ಪೂರ್ತಿ ನೋಡಿಲ್ಲ. ನಮ್ಮ ಕಡೆಯವರು ನಾಲ್ಕು ಜನ ಹೊರಟರೆ ಎಲ್ಲಿಂದ ಶುರು ಮಾಡಬೇಕು, ಯಾವಾಗ ಬರಬೇಕು?

ಚೌಕಿಮನೆ

ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದರ ಒಳಗೆ ಬನ್ನಿ. ಕಾಲಮಿತಿಯ ಆಟ ನಡುರಾತ್ರಿಗೆ ಮುಗಿಯುತ್ತದೆ, ಮೊದಲ ಸಲಕ್ಕೆ ಅದೇ ಸಾಕು. ಪ್ರಸಂಗ ಮಹಾಭಾರತದ್ದೇ ಇರಲಿ, ಕತೆ ಗೊತ್ತಿದ್ದರೆ ಕಿವಿಗೆ ಬಿಡುವು ಸಿಗುತ್ತದೆ, ನಿಮ್ಮ ದಾಸವಾಣಿಯ ಲೆಕ್ಕವೇ. ಮುಂದಿನ ಸಾಲಿನಲ್ಲಿ ಕೂರಬೇಡಿ ಮಾರಾಯರೇ, ಚೆಂಡೆ ಇರುವ ಬದಿಯಲ್ಲಂತೂ ಬೇಡವೇ ಬೇಡ, ನಡುವಿನ ಸಾಲು ಹಿಡಿಯಿರಿ. ಸಾಧ್ಯವಾದರೆ ಒಂದು ಗಂಟೆ ಮೊದಲೇ ಬಂದು ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಿ, ಯಾರೂ ಬೇಡ ಎನ್ನುವುದಿಲ್ಲ. ಕಂಸಾಳೆಯವರನ್ನೂ ಕರೆತನ್ನಿ, ಅವರ ಜೊತೆ ನನಗೂ ಸ್ವಲ್ಪ ಜಗಳವಿದೆ.